ಬಲಗಡೆಯ ಪೆಟ್ಟಿಗೆ

ಆ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ತಿಮ್ಮಯ್ಯನವರು ಫೋನಿನಲ್ಲಿ ಎರಡೇ ಎರಡು ಮಾತಾಡಿ ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡರು. ಕಿತ್ತುಕೊಂಡು, ಸಮಾಧಾನವಾಗಿ ಕೂತು ಮೂರು ಅಕ್ಕಿರೊಟ್ಟಿ ತಿಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ ಅವರ ಮೇಲೆ ಅಯ್ಯೋ ಪಾಪ ಅನ್ನುತ್ತಾರೆ. ಅನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಪಾಪ ಅನ್ನುವ ಮುಂಚೆ ಆ ಮೂರು ರೊಟ್ಟಿಯೂ ಲೆಕ್ಕದಲ್ಲಿರಲಿ.

ಫೋನ್ ಮಾಡಿದವರು ಹೊಂಗಡಹಳ್ಳದ ಬಸವಯ್ಯನವರು. ಅವರದೂ ಕಾಫಿ ತೋಟವೇ.

"ಗೌಡ್ರೇ, ನಿಮ್ಮಲ್ಲಿದ್ದ ಕೆಂಚಯ್ಯ ಒಂದ್ ವಾರದಿಂದ ನಮ್ ಕಣದಲ್ಲಿ ಕೂಲಿ ಮಾಡ್ತಾವ್ನೆ. ಕೆಲ್ಸ ಚೆನ್ನಾಗೈತೆ. ಅವನ್ನೇ ಕಣದ ಮೇಸ್ತ್ರಿ ಮಾಡಿ ಸ್ಟೋರ್ ಬೀಗದ ಕೈ ಕೊಡಾನಾ ಅಂತ ಇದೀನಿ. ಊರೋರು ಏನೇನೋ ಅಂತಾರೆ, ನೀವ್ ಹೇಳಿ, ಮನುಷ್ಯ ಹೆಂಗೆ?"

ಹೊಸ ತೋಟದವರು ಬೀಗದ ಕೈ ಕೊಡುವ ಮೊದಲು ಹಳೆ ತೋಟದವರನ್ನು ಹೀಗೆ ಒಂದು ಮಾತು ಕೇಳುವುದು ಆ ಕಡೆಯ ಪದ್ಧತಿ. ಕಾಗದವಿಲ್ಲ, ಸಹಿಯಿಲ್ಲ. ಆ ಒಂದು ಮಾತಿನ ಮೇಲೆ ಸಂಸಾರಗಳು ನಿಲ್ಲುತ್ತವೆ, ಬೀಳುತ್ತವೆ.

"ಕಳ್ಳ ಕಣ್ರೀ ಅವ್ನು," ಎಂದರು ತಿಮ್ಮಯ್ಯ. "ಯಾರೋ ಹೇಳಿದ್ದಲ್ಲ, ನನ್ ಕಿವಿಯಾರೆ ಕೇಳಿ ಹಿಡ್ದಿದೀನಿ."

ಆ ಕಡೆಯಿಂದ ಬಸವಯ್ಯನವರು ನಿಟ್ಟುಸಿರು ಬಿಟ್ಟು, "ನೀವ್ ಹೇಳಿದ್ ಮೇಲೆ ಮುಗೀತು ಬುಡಿ. ಇವತ್ ಸಂಜೆ ಕಣ ಬಳಿದಾದ್ಮೇಲೆ ಕಳಿಸ್ಬುಡ್ತೀನಿ," ಎಂದರು.

ತಿಮ್ಮಯ್ಯನವರ ಕಿವಿ ಅಂದರೆ ಯಸಳೂರು ಹೋಬಳಿಯಲ್ಲಿ ಅಷ್ಟು ನಡೆಯುತ್ತಿತ್ತು. ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರವಿ ಒಣಗಿಸುತ್ತಾರೆ. ಅದು ಒಣಗಿತೋ ಇಲ್ಲವೋ ಎಂದು ನೋಡುವುದಕ್ಕೆ ಒಂದು ಹಿಡಿ ತೆಗೆದು, ಮುಷ್ಟಿ ಕಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗಿನ ಬೀಜ ಸಿಪ್ಪೆಗೆ ಬಡಿದು ಗಲಗಲ ಅನ್ನುತ್ತದೆ. ಹಸಿಯಿದ್ದರೆ ಸದ್ದಿಲ್ಲ. ಇದು ಎಲ್ಲರೂ ಮಾಡುವ ಕೆಲಸವೇ. ಆದರೆ ತಿಮ್ಮಯ್ಯನವರು ಕಣ್ಣು ಮುಚ್ಚಿಕೊಂಡು, ಬಲಗೈ ಮುಷ್ಟಿಯನ್ನು ಬಲಗಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿ, "ಇನ್ನೊಂದೂವರೆ ಬಿಸ್ಲು ಬೇಕು" ಎಂದರೆ ಸರಿಯಾಗಿ ಒಂದೂವರೆ ದಿನದ ಬಿಸಿಲೇ ಬೇಕಾಗುತ್ತಿತ್ತು. ಅಕ್ಕಪಕ್ಕದ ತೋಟದವರು ತಮ್ಮ ಕಾಯಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು ಅವರ ಕಿವಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೆ ಹೊಗಳಿಸಿಕೊಂಡ ಕಿವಿ ಯಾರ ಮಾತನ್ನು ತಾನೇ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ!

ಕೆಂಚಯ್ಯನನ್ನು ಹಿಡಿದದ್ದೂ ಆ ಕಿವಿಯೇ. ಅವನು ತಿಮ್ಮಯ್ಯನವರ ಕಣ ಕಾಯಲು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಸ್ಟೋರಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಜನವರಿಯಲ್ಲಿ ಒಂದು ದಿನ ತಿಮ್ಮಯ್ಯನವರು ಹಾಸನಕ್ಕೆ ಹೋಗಿದ್ದಾಗ ಅವನು ನಲವತ್ತು ಮೂಟೆ ಕಾಯಿ ಒಣಗಿತೆಂದು ತುಂಬಿಸಿ ಸ್ಟೋರಿಗೆ ಹಾಕಿದ. ಮಾರನೇ ಬೆಳಗ್ಗೆ ತಿಮ್ಮಯ್ಯನವರು ಒಂದು ಮೂಟೆ ಬಿಚ್ಚಿಸಿ, ಹಿಡಿ ತೆಗೆದು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು ಮೂಟೆ. ಅದರಲ್ಲೂ ಸದ್ದಿಲ್ಲ. ಹತ್ತು ಮೂಟೆ ಬಿಚ್ಚಿಸಿದರೂ ಕಾಯಿ ಮೂಗನ ಹಾಗೆ ಕೂತಿತ್ತು. ಇಪ್ಪತ್ತೆರಡು ವರ್ಷ ಕಣ ನೋಡಿಕೊಂಡವನಿಗೆ ಹಸಿ ಯಾವುದು, ಒಣಗಿದ್ದು ಯಾವುದು ಗೊತ್ತಿಲ್ಲದೆ ಹೋಗುತ್ತದೆಯೇ? ಹಾಗಾದರೆ ಉಳಿದದ್ದು ಒಂದೇ ಅರ್ಥ. ಒಣಗಿದ ಕಾಯಿಯನ್ನು ರಾತ್ರೋರಾತ್ರಿ ಸಾಗಿಸಿ, ಯಾರದೋ ಕಣದ ಹಸಿ ಕಾಯಿ ತಂದು ಮೂಟೆಗೆ ತುಂಬಿಸಿದ್ದಾನೆ. ಬೀಗದ ಕೈ ಬೇರೆ ಯಾರ ಹತ್ತಿರವೂ ಇರಲಿಲ್ಲವಲ್ಲ.

ಕಣದ ಮಧ್ಯೆ, ಆಳುಗಳೆಲ್ಲರ ಎದುರಿಗೆ ತಿಮ್ಮಯ್ಯನವರು ಅವನನ್ನು ಕಳ್ಳ ಎಂದು ಕರೆದರು. ಕೆಂಚಯ್ಯ ವಾದ ಮಾಡಲಿಲ್ಲ, ಅಥವಾ ಮಾಡಲಿಲ್ಲವೆಂದು ತಿಮ್ಮಯ್ಯನವರು ತಿಳಿದುಕೊಂಡರು. ಸಂಜೆಯೊಳಗೆ ಅವನೂ ಅವನ ಹೆಂಡತಿ ಬಸಮ್ಮನೂ ಆಳುಗಳ ಲೈನಿನ ಮನೆ ಖಾಲಿ ಮಾಡಿ ಹೋದರು. ಪೊಲೀಸಿಗೆ ಕೊಡಲಿಲ್ಲವಲ್ಲ, ಅದೇ ನನ್ನ ದೊಡ್ಡತನ ಎಂದು ತಿಮ್ಮಯ್ಯನವರು ಎಷ್ಟೋ ಜನರ ಹತ್ತಿರ ಹೇಳಿಕೊಂಡರು. ಆ "ಹಸಿ" ಕಾಯಿಯನ್ನು ಮತ್ತೆ ಹರವಿ ಇನ್ನೂ ಐದು ಬಿಸಿಲು ಒಣಗಿಸಿದರು. ಅದು ಆಗಲೂ ಮಾತಾಡದಿದ್ದಾಗ "ಈ ವರ್ಷದ ಕಾಯಿಗೆ ಏನೋ ರೋಗ ಬಡಿದೈತೆ" ಎಂದು ಬೇಸತ್ತು ಮಾರಿಬಿಟ್ಟರು. ಕೊಂಡ ವ್ಯಾಪಾರಿ, "ಅತಿಯಾಗಿ ಒಣಗ್ಸಿದೀರಲ್ಲ ಗೌಡ್ರೇ, ಬೀಜ ಪುಡಿ ಆಗ್ತಾವೆ" ಎಂದ. ವ್ಯಾಪಾರಿ ಅಂದಮೇಲೆ ಸುಳ್ಳು ಹೇಳದೆ ಇರುತ್ತಾನೆಯೇ ಎಂದು ತಿಮ್ಮಯ್ಯನವರು ನಕ್ಕರು.

ಅವರು ಆ ದಿನ ಹಾಸನಕ್ಕೆ ಹೋಗಿದ್ದು ಟವರ್ ಸ್ಪೀಕರ್ ನೋಡಲು. ಹಳೆಯ ಹಾಡೆಂದರೆ ಅವರಿಗೆ ಪ್ರಾಣ. ಎರಡು ಸಾವಿರದ ಎರಡನೆಯ ಇಸವಿ ಅದು. ಸಿ.ಡಿ. ಎಂಬುದು ಯಸಳೂರಿಗೂ ಬಂದಿತ್ತು. ಎದೆ ಎತ್ತರದ, ಕಪ್ಪನೆಯ, ಕಂಬದಂತಹ ಎರಡು ಪೆಟ್ಟಿಗೆಗಳು ಮಾರನೇ ವಾರ ವ್ಯಾನಿನಲ್ಲಿ ಬಂದಿಳಿದವು. ಹಾಲಿನ ಎರಡು ಮೂಲೆಗೆ ಅವುಗಳನ್ನು ತಳ್ಳಿ, ನಡುವೆ ತಮ್ಮ ಉದ್ದ ಕೈಯ ಆರಾಮ ಕುರ್ಚಿ ಹಾಕಿಕೊಂಡು ಕೂತರು. ಕೂತ ದಿನದಿಂದ ಮನೆಗೆ ನೆಮ್ಮದಿ ಇಲ್ಲ. ಎಡಗಡೆಯ ಪೆಟ್ಟಿಗೆ ಚೆನ್ನಾಗಿ ಹಾಡುತ್ತದೆ, ಬಲಗಡೆಯದು ಹಾಡುವುದಿಲ್ಲ. ಕೊಳಲು, ಪಿಟೀಲು, ಗೆಜ್ಜೆಯ ದನಿ ಆ ಕಡೆಯಿಂದ ಬರುವುದೇ ಇಲ್ಲ. ಸರಿ, ಎತ್ತರ ಕಡಿಮೆ ಇರಬೇಕೆಂದು ಬಲಗಡೆಯ ಪೆಟ್ಟಿಗೆಯ ಕೆಳಗೆ ಎರಡು ಇಟ್ಟಿಗೆ ಇಟ್ಟರು. ಸಾಲಲಿಲ್ಲ. ಸಿಲ್ವರ್ ಓಕ್ ಹಲಗೆ ಮೂರು ಇಟ್ಟರು. ಅದರ ಮೇಲೆ ಊಟದ ಮಣೆ ಇಟ್ಟರು. ದಿನಕ್ಕೊಂದು ಅಂಗುಲ ಕುರ್ಚಿಯ ಕಡೆಗೆ ಎಳೆದರು. ಆರು ವಾರದಲ್ಲಿ ಆ ಪೆಟ್ಟಿಗೆ ಅವರ ಭುಜಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಎಡಗಡೆಯದು ಜಾಸ್ತಿ ಕಿರುಚುತ್ತದೆಂದು ಅದರ ಮೇಲೆ ಕಂಬಳಿ ಹೊದಿಸಿದ್ದರು.

"ಬಲಗಡೇದು ಇನ್ನು ಅಟ್ಟ ಹತ್ತೋದೊಂದೇ ಬಾಕಿ," ಎಂದರು ಹೆಂಡತಿ ರಾಜಲಕ್ಷ್ಮಮ್ಮ.

"ಪೆಟ್ಟಿಗೆ ಮಾಡ್ದೋನು ಮೋಸ ಮಾಡವ್ನೆ ಕಣೇ. ಒಳಗೆ ಏನೂ ಹಾಕಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಾಜಲಕ್ಷ್ಮಮ್ಮ ಆ ಗಾದೆಯನ್ನು ಬಾಯಿಯವರೆಗೆ ತಂದು ನುಂಗಿಕೊಂಡರು. ಮೂವತ್ತೈದು ವರ್ಷದ ಸಂಸಾರದಲ್ಲಿ ಹೀಗೆ ನುಂಗಿದ ಮಾತಿಗೆ ಲೆಕ್ಕವಿರಲಿಲ್ಲ.

ಆ ಭಾನುವಾರ ಹನ್ನೊಂದು ಗಂಟೆಗೆ ಸಕಲೇಶಪುರದಿಂದ ಯೋಗಾನಂದ ಬೈಕಿನಲ್ಲಿ ಬಂದ. ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಮಾತು ಕಡಿಮೆಯ ಮನುಷ್ಯ. ಹಾಲಿನ ಬಾಗಿಲಲ್ಲಿ ನಿಂತು ಇಟ್ಟಿಗೆ, ಹಲಗೆ, ಮಣೆ, ಕಂಬಳಿಗಳನ್ನು ಒಂದೊಂದಾಗಿ ನೋಡಿದ.

"ಕಂಬಳಿ ಯಾಕ್ ಸಾರ್?"

"ಅದಕ್ಕೆ ಚಳಿ," ಎಂದರು ರಾಜಲಕ್ಷ್ಮಮ್ಮ ಅಡುಗೆಮನೆಯಿಂದ.

ಯೋಗಾನಂದ ನಗಲಿಲ್ಲ. ಎಲ್ಲವನ್ನೂ ಕಿತ್ತು ಹಾಕಿದ. ಪೆಟ್ಟಿಗೆಗಳನ್ನು ಮೂಲೆಯಿಂದ ಎಳೆದು ಗೋಡೆಗೆ ಒಂದೂವರೆ ಅಡಿ ಜಾಗ ಬಿಟ್ಟು ನಿಲ್ಲಿಸಿದ. "ಮೂಲೆಗೆ ತಳ್ಳಿದ್ರೆ ಗೋಡೆನೂ ಜತೆಗೆ ಗುಂಯ್‌ಗುಡ್ತದೆ ಸಾರ್." ಆರಾಮ ಕುರ್ಚಿ ತೆಗೆಸಿ ನೆಟ್ಟಗಿನ ಮರದ ಕುರ್ಚಿ ಹಾಕಿಸಿ, ತಿಮ್ಮಯ್ಯನವರನ್ನು ಕೂರಿಸಿ, ನೆಲದಿಂದ ಅವರ ಕಿವಿಗೆ ಟೇಪು ಹಿಡಿದು ಅಳೆದ. ಪೆಟ್ಟಿಗೆಯ ಮೇಲ್ತುದಿಯಲ್ಲಿರುವ ಚಿಕ್ಕ ಗುಂಡಿ, ಅಂದರೆ ಟ್ವೀಟರು, ಕೂತವರ ಕಿವಿಯ ಎತ್ತರಕ್ಕೇ ಇರಬೇಕು. ಕೊಳಲು, ಗೆಜ್ಜೆಯಂಥ ಸಣ್ಣ ದನಿಯೆಲ್ಲ ಬರುವುದು ಅಲ್ಲಿಂದ. ನಾಲ್ಕು ಇಂಚು ಕಡಿಮೆ ಬಂತು. ಬಚ್ಚಲ ಹಿಂದೆ ಬಿದ್ದಿದ್ದ ಕಡಪ ಕಲ್ಲುಗಳನ್ನು ತಂದು ಎರಡೂ ಪೆಟ್ಟಿಗೆಯ ಕೆಳಗೆ ಸಮಸಮವಾಗಿ ಇಟ್ಟ.

"ಎರಡಕ್ಕೂ ಒಂದೇ ಎತ್ತರ ಸಾರ್. ಒಂದನ್ನ ಎತ್ತಿ ಇನ್ನೊಂದನ್ನ ಇಳಿಸೋ ಹಂಗಿಲ್ಲ."

ಆಮೇಲೆ ತೆಂಗಿನ ಹಗ್ಗ ಹಿಡಿದು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಎಷ್ಟು ದೂರವೋ, ಪ್ರತಿಯೊಂದರಿಂದ ಕುರ್ಚಿಗೂ ಅಷ್ಟೇ ದೂರ ಬರುವಂತೆ ಮಾಡಿದ. ಎರಡರ ಮುಖವನ್ನೂ ಕುರ್ಚಿಯ ಕಡೆಗೆ ಸ್ವಲ್ಪ ತಿರುಗಿಸಿದ. "ಈಗ ಕಣ್ ಮುಚ್ಕೊಂಡು ಕೇಳಿ. ಹಾಡೋರು ಪೆಟ್ಟಿಗೇಲಿ ಇರಬಾರ್ದು. ಎರಡರ ಮಧ್ಯೆ, ಗೋಡೆ ಹತ್ರ ಬಂದು ನಿಂತಂಗಿರ್ಬೇಕು."

ಹಾಡು ಶುರುವಾಯಿತು. ತಿಮ್ಮಯ್ಯನವರು ಕಣ್ಣು ಮುಚ್ಚಿದರು.

"ಇಲ್ಲ. ಎಡಗಡೆನೇ ಐತೆ. ಬಲಗಡೇದು ಸತ್ತಂಗೈತೆ."

ಯೋಗಾನಂದನಿಗೆ ಆಶ್ಚರ್ಯವಾಯಿತು. ಅವನ ಕಿವಿಗೆ ಹಾಡುವವಳು ನಟ್ಟನಡುವೆ ನಿಂತಿದ್ದಳು. ರಾಜಲಕ್ಷ್ಮಮ್ಮನವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಂದು ಗಳಿಗೆ ಕೇಳಿ, "ಅಲ್ಲೇ ಗಡಿಯಾರದ ಕೆಳಗೆ ನಿಂತವ್ಳಲ್ಲ" ಎಂದು ಕೈ ತೋರಿಸಿದರು.

"ಹೆಂಗಸರಿಗೇನು ಗೊತ್ತಾಗ್ತದೆ? ಏಳು ಮೇಲೆ," ಎಂದರು ತಿಮ್ಮಯ್ಯ.

ಯೋಗಾನಂದ ಹಿಂದೆ ಹೋಗಿ ವಯರುಗಳನ್ನು ಅದಲು ಬದಲು ಮಾಡಿದ. ಅದೇ ಮಾತು. ಬಲಗಡೆಯದು ಸತ್ತಿದೆ. ಬೆವರು ಸುರಿಸಿಕೊಂಡು ಪೆಟ್ಟಿಗೆಗಳನ್ನೇ ಹೊತ್ತು, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟ. ಇಷ್ಟು ದಿನ ಕಿರುಚುತ್ತದೆಂದು ಕಂಬಳಿ ಹೊದಿಸಿಕೊಂಡಿದ್ದ ಪೆಟ್ಟಿಗೆ ಈಗ ಬಲಗಡೆಗೆ ಬಂದಿತ್ತು.

"ಇದೂ ಹಾಡ್ತಿಲ್ವಲ್ಲ!" ಎಂದು ತಿಮ್ಮಯ್ಯನವರು ಕುರ್ಚಿಯ ಕೈ ಬಡಿದರು. "ನಿನ್ನೆವರೆಗೂ ಚೆನ್ನಾಗಿತ್ತು ಕಣೋ. ನೀನೇನೋ ಮಾಡಿ ಕೆಡಿಸ್ಬುಟ್ಟೆ."

ಯೋಗಾನಂದನ ಮುಖದ ಗೊಂದಲ ಇಳಿದು ಹೋಗಿತ್ತು. ಒಮ್ಮೆ ರಾಜಲಕ್ಷ್ಮಮ್ಮನವರ ಕಡೆ ನೋಡಿದ. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು.

"ಸಾರ್," ಎಂದ ಮೆಲ್ಲಗೆ, "ಕುರ್ಚಿ ತಿರುಗಿಸ್ತೀನಿ. ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತ್ಕಳಿ."

"ಯಾಕೋ?"

"ಒಂದ್ಸಲ ಕೂತ್ಕಳಿ ಸಾರ್."

ತಿಮ್ಮಯ್ಯನವರು ಗೊಣಗುತ್ತಾ ತಿರುಗಿ, ಬಾಗಿಲಿಗೆ ಮುಖ ಮಾಡಿ ಕೂತರು. ಹಾಡು ಬಂತು. ಅವರ ಹುಬ್ಬು ಮೇಲೇರಿತು. ಮುಖ ಅರಳಿತು.

"ಹಾ! ಈಗ ಸರಿ ಹೋಯ್ತು ನೋಡು. ಸತ್ತಿತ್ತಲ್ಲ, ಅದು ಈಗ ಹಾಡ್ತೈತೆ. ಆದ್ರೆ ಆ ಇನ್ನೊಂದು..."

ಅವರು ದಡ್ಡರಲ್ಲ. ಯಾರೂ ಪೆಟ್ಟಿಗೆಯನ್ನು ಮುಟ್ಟಿಲ್ಲ, ವಯರನ್ನು ಮುಟ್ಟಿಲ್ಲ. ತಿರುಗಿದ್ದು ತಾವೊಬ್ಬರೇ. ಅಷ್ಟರಿಂದಲೇ ಸತ್ತಿದ್ದ ಪೆಟ್ಟಿಗೆ ಬದುಕಿತು, ಬದುಕಿದ್ದದ್ದು ಸತ್ತಿತು.

ತಿಮ್ಮಯ್ಯನವರು ನಿಧಾನವಾಗಿ ಎಡಗೈ ಎತ್ತಿ ತೋರುಬೆರಳನ್ನು ಎಡಗಿವಿಗೆ ಗಟ್ಟಿಯಾಗಿ ತುರುಕಿಕೊಂಡರು.

ಹಾಡು ನಿಂತುಹೋಯಿತು. ಹಾಡು ಮಾತ್ರವಲ್ಲ, ಮನೆಯೇ ನಿಂತುಹೋಯಿತು. ಎದುರಿಗೆ ಬಂದ ಯೋಗಾನಂದನ ತುಟಿ ಅಲ್ಲಾಡುತ್ತಿತ್ತು, ಮಾತಿರಲಿಲ್ಲ. ಕೆಲಸದ ಗಂಗಾಮಣಿ ಅಂಗಳದಲ್ಲಿ ಬಿಂದಿಗೆ ಇಟ್ಟಳು, ಸದ್ದಿರಲಿಲ್ಲ. ಒಂದು ಜೀರುಂಡೆ ಮಾತ್ರ ಕಿರ್ರೆಂದು ಒಂದೇ ಸಮನೆ ಕೂಗುತ್ತಿತ್ತು. ಎರಡು ವರ್ಷದಿಂದ ಆ ಜೀರುಂಡೆಯನ್ನು ಅವರು ಬೈಯುತ್ತಲೇ ಇದ್ದರು. ಬೆರಳು ತೆಗೆದು, ಹೆಂಡತಿಯನ್ನು ಕೇಳಿದರು:

"ಲೇ, ಈಗ ಜೀರುಂಡೆ ಕೂಗ್ತಾ ಐತಾ?"

ರಾಜಲಕ್ಷ್ಮಮ್ಮ ಹತ್ತಿರ ಬಂದರು. "ಇಲ್ಲ ಕಣ್ರೀ. ಈ ಹೊತ್ತಲ್ಲಿ ಎಲ್ಲಿ ಜೀರುಂಡೆ? ನೀವು ಯಾವಾಗ್ಲೂ ಅದನ್ನ ಬಯ್ಯೋವಾಗ ಇರ್ತಾನೇ ಇರ್ಲಿಲ್ಲ."

ಹೆಂಡತಿ ಹೇಳಿದ ಮಾತಿಗಿಂತ ಆಕೆ ನಿಂತಿದ್ದ ಜಾಗ ತಿಮ್ಮಯ್ಯನವರನ್ನು ಬೆಚ್ಚಿಬೀಳಿಸಿತು. ಅಡುಗೆಮನೆ ಬಾಗಿಲು ಬಲಗಡೆಗಿತ್ತು. ಅಲ್ಲಿಂದ ಬಂದವರು ಕುರ್ಚಿಯ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದು ನಿಂತು ಮಾತಾಡುತ್ತಿದ್ದರು. ಊಟಕ್ಕೆ ಬಡಿಸುವಾಗ ಎಡಗಡೆ. ತೋಟದಲ್ಲಿ ನಡೆಯುವಾಗ ಎಡಗಡೆ. ಮಲಗುವ ಮಂಚದಲ್ಲೂ ಯಾವತ್ತೋ ಜಾಗ ಬದಲಾಯಿಸಿ ಎಡಕ್ಕೆ ಬಂದಿದ್ದರು, ಕಿಟಕಿಯ ಗಾಳಿ ಬೇಕೆಂದು.

"ನಿಂಗೆ ಗೊತ್ತಿತ್ತು."

ರಾಜಲಕ್ಷ್ಮಮ್ಮ ತಲೆಯಾಡಿಸಿದರು.

"ಎಷ್ಟ್ ದಿನದಿಂದ?"

"ಎರಡ್ ವರ್ಷ ಆಗ್ತಾ ಬಂತು. ಆ ಜ್ವರ ಬಂದಿತ್ತಲ್ಲ, ಆಗ್ಲಿಂದ. ಹೋದ್ ವರ್ಷ ಇನ್ನೂ ಒಂಚೂರು ಕೇಳಿಸ್ತಿತ್ತು, ಈ ಸುಗ್ಗೀಲಿ ಪೂರ್ತಿ ಹೋಗೈತೆ ಅಂತ ಕಾಣ್ತದೆ."

ಯೋಗಾನಂದ ಹಾಡು ನಿಲ್ಲಿಸಿ, ಟೇಪು ಮತ್ತು ಹಗ್ಗ ಸುತ್ತಿಕೊಂಡು, ಹೇಳದೆ ಕೇಳದೆ ಜಗುಲಿಗೆ ಹೋದ. ತಿಮ್ಮಯ್ಯನವರು ತಮ್ಮ ಬಲಗೈಯನ್ನು ನೋಡಿಕೊಂಡರು. ಆ ಕೈ ತಾನಾಗಿಯೇ ಮುಷ್ಟಿ ಕಟ್ಟಿ ಕಿವಿಯ ಕಡೆಗೆ ಏಳುತ್ತಿತ್ತು. ಬಲಗೈ, ಬಲಗಿವಿ. ಮೂವತ್ತು ವರ್ಷದಿಂದ ಅದೇ ಕೈ, ಅದೇ ಕಿವಿ. ಜನವರಿಯ ಆ ಬೆಳಗ್ಗೆಯೂ ಅದೇ. ಹತ್ತು ಮೂಟೆ ಬಿಚ್ಚಿಸಿ, ಹತ್ತು ಸಲ ಅಲ್ಲಾಡಿಸಿ, ಹತ್ತು ಸಲವೂ ಅದೇ ಸತ್ತ ಕಿವಿಗೆ.

"ಆ ಕಾಯಿ..." ಎಂದರು. "ಕೆಂಚ ತುಂಬಿದ್ ಕಾಯಿ. ಒಣಗಿತ್ತಾ?"

"ಗಲಗಲ ಅಂತಿತ್ತು ಕಣ್ರೀ," ಎಂದು ರಾಜಲಕ್ಷ್ಮಮ್ಮ ಅತ್ತುಬಿಟ್ಟರು. "ಮೆಟ್ಟಿಲ ಮೇಲೆ ನಿಂತಿದ್ದ ನಂಗೇ ಕೇಳಿಸ್ತಿತ್ತು. ಚಿನ್ನಮ್ಮಂಗೆ ಕೇಳಿಸ್ತು, ಭೂತಯ್ಯಂಗೆ ಕೇಳಿಸ್ತು, ಕಣದಲ್ಲಿದ್ದೋರಿಗೆಲ್ಲ ಕೇಳಿಸ್ತು."

"ಮತ್ತೆ ಆ ಬಡ್ಡೀಮಗ ಯಾಕೆ ಒಂದ್ ಮಾತೂ ಹೇಳ್ಲಿಲ್ಲ?" ತಿಮ್ಮಯ್ಯನವರು ಕೂಗಿದರು. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಅವರು ಆ ಮಾತನ್ನು ಹಿಡಿದರು. "ಬಾಯಿರ್ಲಿಲ್ವಾ ಅವ್ನಿಗೆ?"

"ಹೇಳ್ದ."

"ಏನು?"

"ಹೇಳ್ದ ಕಣ್ರೀ. ನಿಮ್ ಎಡಗಿವಿ ಪಕ್ಕದಲ್ಲೇ ಪಲ್ಪರ್ ಇಂಜಿನ್ ದಡದಡ ಓಡ್ತಿತ್ತು. ನೀವು ಕಳ್ಳ ಕಳ್ಳ ಅಂತ ಕೂಗ್ತಿದ್ರಿ. ಅವ್ನು ಎಡಕ್ಕೆ ಬರೋಕ್ ಜಾಗ ಇಲ್ದೆ ನಿಮ್ ಬಲಗಡೆ ನಿಂತು ಮೂರ್ ಸಲ ಹೇಳ್ದ. 'ಗೌಡ್ರೇ, ಒಂದೇ ಒಂದ್ ಸಲಿ ಎಡಗಿವೀಗೆ ಹಿಡ್ದು ನೋಡಿ' ಅಂತ. ಮೂರ್ನೇ ಸಲ ಕೈ ಮುಗ್ದ. ನೀವು ತಿರುಗ್ಲೇ ಇಲ್ಲ. ಕೇಳಿಸ್ಕಂಡೂ ಬೇಕಂತ್ಲೇ ಸುಮ್ನಿದ್ದೀರಿ ಅಂತ ಎಲ್ರೂ ಅಂದ್ಕಂಡ್ರು. ನಾನೂ ಹಂಗೇ ಅಂದ್ಕಂಡೆ."

ಇಡೀ ಕಣಕ್ಕೆ ಗೊತ್ತಿತ್ತು. ಎಲೆ ಅಡಿಕೆ ಹಾಕಿಕೊಳ್ಳುವ ಮುದುಕಿಯರಿಗೂ ಗೊತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಗೌಡರು ಒಣಗಿದ್ದನ್ನು ಹಸಿ ಎಂದರೆ ಹಸಿ ಎಂದು ತಲೆಯಾಡಿಸಿ, ತಮ್ಮ ಎದುರಿಗೇ ಒಬ್ಬನನ್ನು ಕಳ್ಳನೆಂದು ಹೊರಗೆ ಹಾಕುವುದನ್ನು ನೋಡುತ್ತಾ ನಿಂತಿದ್ದರು. ಹೆಂಡತಿಯ ಮೇಲೆ ಉರಿದು ಬೀಳಬೇಕೆನ್ನಿಸಿತು. ಆದರೆ ಯಾವ ಬಾಯಿಯಿಂದ? ಈ ಮನೆಯಲ್ಲಿ ಎದುರು ಮಾತು ಆಡಬಾರದೆಂದು ಕಲಿಸಿದವರು ಯಾರು?

ಆಗ ಬೆಳಗಿನ ಫೋನು ನೆನಪಾಯಿತು. ಸಂಜೆ ಕಣ ಬಳಿದಾದ ಮೇಲೆ ಕಳಿಸುತ್ತೇನೆಂದಿದ್ದರು ಬಸವಯ್ಯ. ಆಡಿದ ಮಾತು ಇನ್ನೂ ಅಲ್ಲಿ ಕೆಲಸ ಮಾಡುತ್ತಿತ್ತು. ತಿಮ್ಮಯ್ಯನವರು ಓಡಿ ಹೋಗಿ ಫೋನ್ ತಿರುಗಿಸಿದರು. ಗಂಟೆ ಹೊಡೆದುಕೊಂಡಿತು, ಎತ್ತುವವರಿಲ್ಲ. ಮತ್ತೆ ತಿರುಗಿಸಿದರು. ಆಮೇಲೆ ತಟ್ಟನೆ ರಿಸೀವರನ್ನು ಕಣ್ಣೆದುರಿಗೆ ಹಿಡಿದು ನೋಡಿದರು. ಇಷ್ಟು ಹೊತ್ತು ಅದೂ ಎಡಗಿವಿಗೇ ಇತ್ತು. ಎಷ್ಟು ದಿನದಿಂದ ಹೀಗೆ ಎಡಗಿವಿಗೆ ಹಿಡಿಯುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಒಬ್ಬರೇ ಜೀಪು ಹತ್ತಿದರು. ಹೊಂಗಡಹಳ್ಳದ ರಸ್ತೆಯ ಒಂದು ತಿರುವಿನಲ್ಲಿ ಬಿಸಿಲೆ ಘಾಟಿಯ ಕಡೆಯ ಬಸ್ಸು ಬಲಗಡೆಯಿಂದ ಮೈಮೇಲೆ ಬಂದ ಹಾಗೆ ನುಗ್ಗಿ ಮುಂದೆ ಹೋಯಿತು. ತಿಮ್ಮಯ್ಯನವರು ಬೆಚ್ಚಿ ಜೀಪನ್ನು ಚರಂಡಿಗೆ ಇಳಿಸಿದರು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಎಷ್ಟ್ ಹಾರ್ನ್ ಹೊಡೀಬೇಕ್ ಮಾರಾಯ, ಕಿವಿ ಕೇಳ್ಸಲ್ವಾ?" ಎಂದು ಕೈ ಬೀಸಿ ಕೇಳಿದ. ಎರಡು ವರ್ಷದಿಂದ ಈ ರಸ್ತೆಯ ಡ್ರೈವರುಗಳಿಗೆ ಹಾರ್ನ್ ಹೊಡೆಯುವ ಮರ್ಯಾದೆ ಇಲ್ಲವೆಂದು ತಿಮ್ಮಯ್ಯನವರು ಊರಿಡೀ ಹೇಳಿಕೊಂಡು ಬಂದಿದ್ದರು. ಈಗ ಗೇರು ಹಾಕಿ ಜೀಪನ್ನು ಚರಂಡಿಯಿಂದ ಮೇಲೆ ತಂದರು. ಇನ್ನು ಏನೇನು ಕೇಳಿಸಿಲ್ಲವೋ, ಯಾರು ಯಾರು ಏನೇನು ಹೇಳಿ ಉತ್ತರ ಸಿಗದೆ ಹೋದರೋ. ಆ ಎರಡು ವರ್ಷ ಪೂರ್ತಿ ಒಂದು ಗುಂಡಿಯ ಹಾಗೆ ಅವರ ಎದುರಿಗೆ ಬಾಯಿ ತೆರೆದುಕೊಂಡಿತು.

ಅವರು ಹೋಗುವ ಹೊತ್ತಿಗೆ ಬಸವಯ್ಯನವರ ಕಣದಲ್ಲಿ ಕಾಯಿ ಬಳಿದು ರಾಶಿ ಮಾಡುತ್ತಿದ್ದರು. ಹತ್ತು ಹದಿನೈದು ಆಳುಗಳಿದ್ದರು. ಕಣದ ಅಂಚಿನಲ್ಲಿ ಕೆಂಚಯ್ಯ ನಿಂತಿದ್ದ. ಕೈಯಲ್ಲಿ ಕೆಲಸವಿರಲಿಲ್ಲ. ಪಕ್ಕದಲ್ಲಿ ಬಸಮ್ಮ ಒಂದು ಗಂಟು ಕಟ್ಟುತ್ತಿದ್ದಳು. ಎರಡು ತಿಂಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಕಳ್ಳನೆಂಬ ಮಾತು ತೋಟದಿಂದ ತೋಟಕ್ಕೆ ಅವನಿಗಿಂತ ಮುಂಚೆ ಹೋಗಿ ಬಾಗಿಲು ಹಾಕಿಸುತ್ತಿತ್ತು.

"ಏನ್ ಗೌಡ್ರೇ, ನೀವೇ ಬಂದ್ರಿ?" ಎಂದರು ಬಸವಯ್ಯ. "ಈಗಷ್ಟೇ ಹೇಳ್ದೆ ಅವ್ನಿಗೆ, ಹೊರಡು ಅಂತ."

ತಿಮ್ಮಯ್ಯನವರು ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧ ಮಾಡಿಕೊಂಡು ಬಂದಿದ್ದರು. ಬಸವಯ್ಯನವರನ್ನು ಪಕ್ಕಕ್ಕೆ ಕರೆದು, ಏನೋ ತಪ್ಪು ತಿಳಿವಳಿಕೆ ಆಯಿತು, ಅವನನ್ನು ಇಟ್ಟುಕೊಳ್ಳಿ ಎಂದು ಹೇಳಿ ಬರುವುದು. ಅಷ್ಟರಲ್ಲಿ ಮುಗಿಯುತ್ತಿತ್ತು. ಕಿವಿಯ ಮಾತು ಎತ್ತಬೇಕಾಗಿಯೂ ಇರಲಿಲ್ಲ. ಆದರೆ ಬಸಮ್ಮ ಗಂಟು ಕಟ್ಟುತ್ತಾ ಒಂದು ಸಲ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದಳು. ಕಳ್ಳ ಎಂದಿದ್ದು ಪಕ್ಕಕ್ಕೆ ಕರೆದು ಅಲ್ಲವಲ್ಲ.

"ಎಲ್ರೂ ಕೇಳಿ," ಎಂದರು. ಆಳುಗಳ ಕೈ ನಿಂತಿತು. "ಕೆಂಚಯ್ಯ ಕಳ್ಳ ಅಲ್ಲ. ಅವ್ನು ತುಂಬಿದ್ ಕಾಯಿ ಒಣಗೇ ಇತ್ತು. ನನ್ ಬಲಗಿವಿ ಹೋಗ್ಬುಟ್ಟೈತೆ. ಪೂರ್ತಿ ಹೋಗೈತೆ. ನಂಗೇ ಗೊತ್ತಿರ್ಲಿಲ್ಲ. ಇವತ್ತು ಮಧ್ಯಾಹ್ನ ಗೊತ್ತಾಯ್ತು."

ಬಸವಯ್ಯನವರು ಬಾಯಿ ಬಿಟ್ಟುಕೊಂಡು ನಿಂತರು. ಅವರೂ ವರ್ಷ ವರ್ಷ ಕರ್ಚೀಫಿನಲ್ಲಿ ಕಾಯಿ ಕಟ್ಟಿಕೊಂಡು ಬಂದು ಆ ಕಿವಿಗೆ ಕೇಳಿಸಿದವರೇ. ಆಳುಗಳಲ್ಲಿ ಯಾರೋ ಹೆಂಗಸು "ಅಯ್ಯೋ ಶಿವನೇ" ಎಂದಳು.

ತಿಮ್ಮಯ್ಯನವರಿಗೆ ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಸರಿದಂತಾಯಿತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಅದೂ ಎಲ್ಲರ ಎದುರಿಗೆ. ಇನ್ನು ಕೆಂಚಯ್ಯ ಬಂದು ಕೈ ಮುಗಿಯುತ್ತಾನೆ, ತಾವು ಅವನ ಭುಜದ ಮೇಲೆ ಕೈ ಇಡುತ್ತೇವೆ, ಇಬ್ಬರೂ ಕಣ್ಣೊರೆಸಿಕೊಳ್ಳುತ್ತೇವೆ ಎಂದು ಅವರು ಕಾದರು. ನಿಜವಾಗಿ ಹಾಗೇ ಕಾದರು.

"ಬಾ ಕೆಂಚಯ್ಯ, ಜೀಪ್ ಹತ್ತು. ನಿನ್ ಮನೆ ಹಂಗೇ ಐತೆ. ಬೀಗದ ಕೈನೂ ನಿಂದೇ."

ಕೆಂಚಯ್ಯ ಅವರ ಬಲಗಡೆಗೆ ಇದ್ದವನು, ಹಿಂದಿನಿಂದ ಸುತ್ತಿ ಎಡಗಡೆಗೆ ಬಂದು ನಿಂತ. ಎರಡು ವರ್ಷ ಅವನು ಮಾಡಿಕೊಂಡು ಬಂದ ಅಭ್ಯಾಸವದು. ಅವನ ಮುಖದಲ್ಲಿ ಕೋಪವಿರಲಿಲ್ಲ. ಸುಸ್ತಿತ್ತು.

"ನಿಮ್ ಕಿವಿ ಹೋಗಿರೋದು ನಂಗೆ ಗೊತ್ತಿತ್ತು ಗೌಡ್ರೇ," ಎಂದ. "ಕಿವಿ ಹೋದ್ರೆ ಯಾರ್ ಏನ್ ಮಾಡಾಕಾಗ್ತದೆ? ಅದು ನಿಮ್ ತಪ್ಪಲ್ಲ. ಅದಕ್ಕೆ ನಂಗೆ ಬೇಜಾರೂ ಇಲ್ಲ. ಇಪ್ಪತ್ತೆಲ್ಡು ವರ್ಷ ನೀವ್ ನನ್ನ ದಿನಾ ನೋಡಿದೀರಿ. ನಿಮ್ ಕಣ್ಣೆಲ್ಡೂ ಚೆನ್ನಾಗಿದ್ವಲ್ಲ ಗೌಡ್ರೇ?"

ಅವನು ಉತ್ತರಕ್ಕಾಗಿ ನಿಜವಾಗಿಯೇ ಕಾಯುತ್ತಿದ್ದ. ಬಸಮ್ಮ ಗಂಟು ಬಿಟ್ಟು ಎದ್ದು ನಿಂತಿದ್ದಳು. ಬಸವಯ್ಯನವರೂ ಆಳುಗಳೂ ತಿಮ್ಮಯ್ಯನವರ ಬಾಯನ್ನೇ ನೋಡುತ್ತಿದ್ದರು.